ಬೀರುವಿನ ಬಾಗಿಲಿಗೆ ಅಂಟಿಸಿದ್ದ ಉತ್ತರಗಳು

ಶುಯ್‌ಲಿಯನ್ ಅಕ್ಕನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದು ನಾಲ್ಕೇ ಅಕ್ಷರ. ಎ, ಬಿ, ಸಿ, ಡಿ. ಮುಂದಿನದು ಬೇಕಾಗಿಯೂ ಇರಲಿಲ್ಲ, ಏಕೆಂದರೆ ಅವಳ ಮಗಳು ದಿನಾ ಬರೆಯುತ್ತಿದ್ದ ಉತ್ತರಗಳೆಲ್ಲ ಆ ನಾಲ್ಕರೊಳಗೇ ಮುಗಿಯುತ್ತಿದ್ದವು.

ಶಾಲೆಯ ಹಿಂಬಾಗಿಲಿಗೆ ಎದುರಾಗಿರುವ ಕಟ್ಟಡದ ಮೂರನೇ ಮಹಡಿಯಲ್ಲಿ ಅವಳ ಕೋಣೆಯೂ ನಮ್ಮ ಮನೆಯೂ ಎದುರುಬದುರು. ಆ ಕಟ್ಟಡದಲ್ಲಿ ಇರುವವರೆಲ್ಲ ಮಕ್ಕಳನ್ನು ಓದಿಸಲೆಂದೇ ಹಳ್ಳಿಗಳಿಂದ ಬಂದು ಕೋಣೆ ಹಿಡಿದ ತಾಯಂದಿರು, ಕೆಲವರು ಅಜ್ಜಿಯರು. ಎರಡು ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದವಳು ನಾನೊಬ್ಬಳೇ. ಗಂಡ ಸೇತುವೆ ಕಟ್ಟುವ ಕಡೆ ಇರುತ್ತಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಮಗಳು ಮಿಮಿ ಎರಡು ಸಲ ಕೆಮ್ಮಿದರೆ ನನಗೆ ಕೈಕಾಲು ಆಡುವುದಿಲ್ಲ. ಅಕ್ಕ ಬಾಗಿಲಿನಲ್ಲೇ ನಿಂತು ನಗುತ್ತಿದ್ದಳು. "ನಿನ್ನ ಮಗಳು ಸೀನೋಕ್ ಮುಂಚೇನೇ ನೀನು ಆಸ್ಪತ್ರೆ ಚೀಟಿ ಮಾಡಿಸ್ತೀಯಲ್ಲ ತಂಗಿ. ಓದಿದೋರ ಹಣೆಬರಹ ನೋಡು." ಹಾಗೆಂದು ಮಗುವನ್ನು ಎತ್ತಿಕೊಂಡು ಹೋಗಿ, ಬಿಸಿನೀರು ಕುಡಿಸಿ, ಬೆನ್ನು ತಟ್ಟಿ ಮಲಗಿಸಿ ತಂದು ಕೊಡುತ್ತಿದ್ದಳು.

ಅವಳು ಹದಿನಾಲ್ಕು ವರ್ಷ ದೂರದ ಝೆಜಿಯಾಂಗ್ ಪ್ರಾಂತದ ಒಂದು ಬಟ್ಟೆ ಕಾರ್ಖಾನೆಯಲ್ಲಿದ್ದಳು. ಹೊಲಿಗೆಯಲ್ಲಲ್ಲ, ತಪಾಸಣೆ ಮೇಜಿನಲ್ಲಿ. ಮುಂದೆ ಒಂದು ಮಾದರಿ ಅಂಗಿ ತೂಗುಹಾಕಿರುತ್ತಾರೆ. ಬಂದ ಅಂಗಿಯನ್ನು ಅದರ ಜೊತೆ ಹೋಲಿಸಬೇಕು, ಹೊಂದಿದರೆ ಈ ಕಡೆ, ಹೊಂದದಿದ್ದರೆ ಆ ಕಡೆ. ಹೊಲಿದವಳು ಬಂದು ಜಗಳವಾಡಿದರೆ ಮಾದರಿಯನ್ನು ತೋರಿಸಿದರೆ ಮುಗಿಯಿತು. ಮಗಳು ಜಿಯಾವೆನ್ ಒಂಬತ್ತನೇ ತರಗತಿಗೆ ಬಂದ ವರ್ಷ ಅಕ್ಕ ಗಂಡನನ್ನು ಅಲ್ಲೇ ಬಿಟ್ಟು, ಕೆಲಸ ಬಿಟ್ಟು ಇಲ್ಲಿಗೆ ಬಂದಳು. ಎರಡು ಮಂಚ, ಒಂದು ವಿದ್ಯುತ್ ಒಲೆ, ಬೀಗವಿದ್ದ ಒಂದು ಬೀರು. ಅಷ್ಟೇ ಅವರ ಸಂಸಾರ.

ನಮ್ಮ ಊರಿನಲ್ಲಿ ಒಂಬತ್ತನೆಯದರ ಪರೀಕ್ಷೆ ಮುಗಿದ ಮೇಲೆ ಅರ್ಧ ಮಕ್ಕಳಿಗಷ್ಟೇ ಹಿರಿಯ ಶಾಲೆ ಸಿಗುತ್ತದೆ. ಉಳಿದ ಅರ್ಧ ಕಸುಬಿನ ಶಾಲೆಗೆ. ಜಿಯಾವೆನ್ ಗಣಿತದಲ್ಲಿ ಚುರುಕು, ಚೀನಿಯಲ್ಲಿ ಪರವಾಗಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ನೂರ ಇಪ್ಪತ್ತಕ್ಕೆ ತೊಂಬತ್ತರ ಆಸುಪಾಸಿನಲ್ಲಿ ನಿಂತುಬಿಟ್ಟಿದ್ದಳು. ಕಂಡಿಕೆ ಓದಿ ಉತ್ತರ ಗುರುತಿಸುವಲ್ಲೇ ಅಂಕ ಸೋರುತ್ತಿತ್ತು. ದಿನಕ್ಕೊಂದು ಕಂಡಿಕೆ, ಒಂದು ಪುಟ ವ್ಯಾಕರಣ ಹೆಚ್ಚಿಗೆ ಮಾಡಿಸಿ, ನೀವೇ ತಿದ್ದಿ ಸಹಿ ಹಾಕಿ ಎಂದು ತಾಯ್ತಂದೆಯರ ಸಭೆಯಲ್ಲಿ ಟೀಚರು ಹೇಳಿದ್ದರು. ಸಹಿಯ ಚಿತ್ರ ದಿನಾ ಸಂಜೆಯೊಳಗೆ ಮೊಬೈಲಿನ ಗುಂಪಿಗೆ ಹೋಗಬೇಕಿತ್ತು. ಅಕ್ಕನ ಸಹಿ ಒಂದು ದಿನವೂ ತಪ್ಪಿದ್ದಿಲ್ಲ.

ಅಭ್ಯಾಸದ ಪುಸ್ತಕ ಕೊಂಡರೆ ಹಿಂದಿನ ಉತ್ತರದ ಹಾಳೆಗಳನ್ನು ಮಕ್ಕಳ ಕೈಗೆ ಬಿಡುವವರು ಇಲ್ಲಿ ಯಾರೂ ಇಲ್ಲ. ಅಂಗಡಿಯವನೇ ಬ್ಲೇಡಿನಿಂದ ಕತ್ತರಿಸಿ, ಲಕೋಟೆಗೆ ಹಾಕಿ ತಾಯಿಯ ಕೈಗೆ ಕೊಡುತ್ತಾನೆ. ಗಲ್ಲಾದ ಪಕ್ಕದಲ್ಲಿ ಹಾಗೆ ಕತ್ತರಿಸಿಟ್ಟ ಹಾಳೆಗಳ ಕಟ್ಟೇ ಇರುತ್ತದೆ. ಅಕ್ಕನಿಗೆ ಸಿಕ್ಕಿದ್ದು ಒಂದು ಉದ್ದನೆಯ ಹಾಳೆ, ಪಾಠದ ಸಂಖ್ಯೆ ಮತ್ತು ಬರೀ ಅಕ್ಷರಗಳು. ವಿವರಣೆ ಏನೂ ಇಲ್ಲ. ಅದನ್ನು ಬೀರುವಿನ ಬಾಗಿಲ ಒಳಮೈಗೆ ನಾಲ್ಕು ಕಡೆಯೂ ಅಗಲವಾದ ಟೇಪು ಹಾಕಿ ಅಂಟಿಸಿ, ಬೀಗದ ಕೈಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡಳು.

ಜಿಯಾವೆನ್ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಬರುತ್ತಿದ್ದಳು. ಒಣಮೆಣಸು ಹಾಕಿ ಹುರಿದ ಕಳಲೆ, ಅನ್ನ, ಹೀರೇಕಾಯಿ ಸಾರು. ಊಟ ಮುಗಿಸಿ ಹನ್ನೆರಡು ನಿಮಿಷದಲ್ಲಿ ಒಂದು ಕಂಡಿಕೆ ಮಾಡಿ ಮಲಗಬೇಕು. ಅವಳು ನಿದ್ದೆ ಹೋದ ಮೇಲೆ ಅಕ್ಕ ಸದ್ದಾಗದಂತೆ ಬೀರು ತೆಗೆದು, ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಹೋಲಿಸಿ, ಕೆಂಪು ಪೆನ್ನಿನಲ್ಲಿ ಸರಿ ತಪ್ಪು ಹಾಕಿ, ತಪ್ಪಿನ ಪಕ್ಕ ಹಾಳೆಯ ಅಕ್ಷರ ಬರೆಯುತ್ತಿದ್ದಳು. ತಪ್ಪಾದದ್ದನ್ನೆಲ್ಲ ಹುಡುಗಿ ಎದ್ದ ಮೇಲೆ ತಪ್ಪುಗಳ ಪುಸ್ತಕಕ್ಕೆ ಇಳಿಸಬೇಕು. ಪ್ರಶ್ನೆ ಕಪ್ಪಿನಲ್ಲಿ, ತನ್ನ ಉತ್ತರ ನೀಲಿಯಲ್ಲಿ, ಸರಿಯುತ್ತರ ಕೆಂಪಿನಲ್ಲಿ. ಕೆಳಗೆ, ಅದೇ ಯಾಕೆ ಸರಿ ಎಂಬ ಕಾರಣವೂ ಕೆಂಪಿನಲ್ಲೇ. ಇದು ಟೀಚರ ನಿಯಮ, ಇಡೀ ತರಗತಿ ಹೀಗೇ ಮಾಡುತ್ತಿತ್ತು; ಟೀಚರು ನೋಡುತ್ತಿದ್ದುದು ಸಹಿಯೊಂದನ್ನೇ.

ಹದಿನಾಲ್ಕನೇ ಪಾಠದವರೆಗೆ ಐದಕ್ಕೆ ನಾಲ್ಕು, ಒಮ್ಮೊಮ್ಮೆ ಐದಕ್ಕೆ ಐದು. ಅಕ್ಕ ಆಗ ಬಹಳ ಖುಷಿಯಲ್ಲಿದ್ದಳು. ಏಪ್ರಿಲ್ ಮೊದಲ ವಾರ ಊರಿಗೆ ಹೋಗಿ, ವರ್ಷದ ವಾಡಿಕೆಯಂತೆ ಹಿರಿಯರ ಸಮಾಧಿ ಗುಡಿಸಿ ಬಂದರು. ಆಮೇಲೆ ಶುರುವಾಯಿತು. ಐದಕ್ಕೆ ಎರಡು. ಐದಕ್ಕೆ ಒಂದು. ಮತ್ತೆ ಒಂದು. ಮೂರನೇ ದಿನ ಹುಡುಗಿಯ ಮೊಬೈಲು ಬೀರು ಸೇರಿತು. ಮರುವಾರ ಬ್ಯಾಡ್ಮಿಂಟನ್ ರಾಕೆಟ್ ಮನೆಯೊಡತಿಯ ಕೈ ಸೇರಿತು. ಭಾನುವಾರದ ಅರ್ಧ ದಿನವೂ ಹೋಯಿತು. ಹಾಳೆಯ ಉತ್ತರ ಸರಿಯಿರಲಾರದು ಎಂದು ಹುಡುಗಿ ಒಮ್ಮೆ ಹೇಳಿದ್ದು ನಮ್ಮ ಮನೆಯವರೆಗೂ ಕೇಳಿಸಿತು. ಅಕ್ಕ ಜೋರು ಮಾಡಲಿಲ್ಲ.

"ಪುಸ್ತಕ ಮಾಡಿದೋರಿಗಿಂತ ನಿಂಗೇ ಜಾಸ್ತಿ ಗೊತ್ತಾ? ಹಂಗಾದ್ರೆ ನೀನ್ಯಾಕೆ ಶಾಲೆಗೆ ಹೋಗ್ತೀಯ, ಅವ್ರನ್ನೇ ಕರ್ಸಿ ಪಾಠ ಹೇಳು."

ಅದಾದ ಮೇಲೆ ಒಂದು ಮಧ್ಯಾಹ್ನ ಜಿಯಾವೆನ್ ನಮ್ಮ ಬಾಗಿಲಿಗೆ ಬಂದಳು. ಇದನ್ನು ಬರೆಯದೆ ಮುಂದೆ ಹೋದರೆ ಅಕ್ಕನ ಕಥೆ ಹೇಳಿದ ಹಾಗಾಗುವುದಿಲ್ಲ. ಕೈಯಲ್ಲಿ ಪುಸ್ತಕ ಹಿಡಿದು, ಚಿಕ್ಕಮ್ಮ, ನೀವು ನಾನ್‌ಚಾಂಗಿನ ಕಾಲೇಜಿನಲ್ಲಿ ಓದಿದವರು, ಈ ಮೂರನೆಯದಕ್ಕೆ ಬಿ ಅಲ್ಲವೇ, ಒಮ್ಮೆ ನೋಡಿ ಎಂದಳು. ಮಿಮಿಗೆ ಬೆಳಗಿನಿಂದ ವಾಂತಿ. ಒಂದು ಕೈಯಲ್ಲಿ ಥರ್ಮಾಮೀಟರ್ ಹಿಡಿದೇ ಓದಿದೆ. ನನಗೂ ಬಿ ಅಂತಲೇ ಅನ್ನಿಸಿತು. ಆದರೆ ಅಮ್ಮನ ಹಾಳೆಯಲ್ಲಿ ಡಿ ಇದೆ ಎಂದು ಅವಳು ಹೇಳಿದ ಕೂಡಲೇ ನನಗೆ ನನ್ನ ಮೇಲೇ ಅನುಮಾನ ಬಂತು. ಓದು ಬಿಟ್ಟು ಎಂಟು ವರ್ಷವಾಗಿದೆ, ಏನೋ ನನ್ನ ಕಣ್ಣಿಗೆ ಕಾಣದ್ದು ಇರಬಹುದು. ನಾನೂ ಹೀಗೆಯೇ ಉತ್ತರದ ಹಾಳೆ ನೋಡಿ ನೋಡಿ ಪಾಸಾದವಳು.

"ಹಾಳೇಲಿ ಡಿ ಅಂತಿದ್ರೆ ಡಿ ಅಂತ್ಲೇ ಇಟ್ಕೊ ಪುಟ್ಟಿ. ಅದಕ್ಕೊಂದು ಕಾರಣ ಇದ್ದೇ ಇರತ್ತೆ, ಹುಡುಕಿದ್ರೆ ಸಿಗತ್ತೆ."

ಅವಳು ತಲೆಯಾಡಿಸಿ ಹೋದಳು. ಹುಡುಕಿದಳು ಕೂಡ.

ಮೇ ಕೊನೆಯಲ್ಲಿ ನಡೆದ ತಿಂಗಳ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಅರವತ್ತೆಂಟು ಬಂತು. ಮುಖ್ಯ ಪರೀಕ್ಷೆಗೆ ಇನ್ನು ಮೂರು ವಾರವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಮೂರು ತಪ್ಪುಗಳ ಪುಸ್ತಕಗಳನ್ನು ನನ್ನ ಊಟದ ಮೇಜಿನ ಮೇಲಿಟ್ಟು ನಿಂತಳು. ಏನಾಗಿದೆ ನೋಡಿ ಹೇಳು, ಯಾರಾದರೂ ಹುಡುಗನ ಹಿಂದೆ ಬಿದ್ದಿದ್ದಾಳೋ ಏನೋ, ನಾನು ಕೇಳಿದರೆ ಬಾಯಿ ಬಿಡುವುದಿಲ್ಲ ಎಂದಳು.

ಮಿಮಿ ಆರಾಮಾಗಿದ್ದಳು, ಹಾಗಾಗಿ ಕೂತು ನೆಟ್ಟಗೆ ಓದಿದೆ. ರೈಲು ನಿಲ್ದಾಣದಲ್ಲಿ ಒಬ್ಬ ಹೆಂಗಸು ಕೊಡೆ ಮರೆತು ಹೋಗಿದ್ದಾಳೆ. ನಿಲ್ದಾಣದ ಮುದುಕ ಅದನ್ನು ಒಂದು ವರ್ಷ ಕಾಪಾಡಿ ಇಟ್ಟಿದ್ದಾನೆ. ಯಾಕೆ? ಅವಳು ತಿರುಗಿ ಬರುತ್ತಾಳೆಂದು ನಂಬಿದ್ದ ಎಂದು ಜಿಯಾವೆನ್ ನೀಲಿಯಲ್ಲಿ ಬರೆದಿದ್ದಳು. ಕೆಂಪಿನಲ್ಲಿದ್ದ ಸರಿಯುತ್ತರ, ಕೊಡೆ ಅಗ್ಗದ್ದಾಗಿತ್ತು ಎಂದು. ಕೆಳಗೆ ಅವಳ ಗುಂಡು ಅಕ್ಷರಗಳಲ್ಲಿ ಕಾರಣ: 'ಎರಡನೇ ಸಾಲಿನಲ್ಲಿ ಕೊಡೆ ಹಳೆಯದು ಎಂದಿದೆ. ಹಳೆಯದು ಅಂದರೆ ಬೆಲೆ ಕಡಿಮೆ. ಬೆಲೆ ಕಡಿಮೆ ಇದ್ದುದರಿಂದ ಯಾರೂ ಕದಿಯಲಿಲ್ಲ, ಆದ್ದರಿಂದ ಮುದುಕನ ಹತ್ತಿರವೇ ಉಳಿಯಿತು. ನಾನು ಮುದುಕನ ಮನಸ್ಸು ನೋಡಿದೆ, ಅದು ನನ್ನ ತಪ್ಪು.' ಪುಟ ತಿರುವಿದೆ. ಎಲ್ಲ ಪುಟದಲ್ಲೂ ಹೀಗೇ. ತಪ್ಪಿದ್ದು ಹುಡುಗಿಯಲ್ಲ, ಹಾಳೆ.

ಅಕ್ಕನ ಕೋಣೆಗೆ ಹೋಗಿ ಬೀರು ತೆರೆಸಿದೆ. ಹಾಳೆಯ ಕೆಳಗಿನ ಅಂಚು ಟೇಪಿನಡಿ ಸೇರಿಹೋಗಿತ್ತು. ಉಗುರಿನಿಂದ ಕೆರೆದು ಎಬ್ಬಿಸಿದಾಗ ಸಣ್ಣ ಅಕ್ಷರದಲ್ಲಿ ಇಸವಿ ಕಾಣಿಸಿತು. ಕಳೆದ ವರ್ಷದ್ದು. ಪುಸ್ತಕ ಈ ವರ್ಷದ್ದು. ನಾನು ಏನೂ ಹೇಳಬೇಕಾಗಿ ಬರಲಿಲ್ಲ, ಅಂಕಿ ಓದಲು ಅವಳಿಗೂ ಬರುತ್ತಿತ್ತು.

ಮಿಮಿಯನ್ನು ಎತ್ತಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಒಳ್ಳೆಯ ಮನುಷ್ಯ. ಕಟ್ಟು ಬದಲಾಗಿರಬೇಕು ಎಂದು ತಲೆ ಕೆರೆದುಕೊಂಡ. ಹೊಸದರಲ್ಲಿ ಹದಿನೈದರಿಂದ ಮುಂದಿನ ಕಂಡಿಕೆಗಳನ್ನೆಲ್ಲ ಬದಲಾಯಿಸಿದ್ದಾರಂತೆ. ಸರಿಯಾದ ಹಾಳೆ ಕೊಟ್ಟು, ಮಗುವಿಗೆ ಒಂದು ರಬ್ಬರನ್ನೂ ಕೊಟ್ಟ. ಬೇರೆ ಯಾವ ತಾಯಿಯೂ ಬಂದು ಕೇಳಲಿಲ್ಲವೇ ಎಂದೆ. ಉಳಿದವರು ಮೊಬೈಲಿನಲ್ಲಿ ಚಿತ್ರ ಹೊಡೆದು ಆ್ಯಪಿನಿಂದಲೇ ತಿದ್ದಿಸುತ್ತಾರೆ, ಹಾಳೆ ಮುಟ್ಟುವವರೇ ಕಡಿಮೆ ಎಂದ.

ಆ ಬೆಳಿಗ್ಗೆ ಅಕ್ಕ ಅಡುಗೆ ಮಾಡಲಿಲ್ಲ. ಮಂಚದ ಮೇಲೆ ಪುಸ್ತಕ ಹರಡಿ, ಹದಿನೈದನೇ ಪಾಠದಿಂದ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಮತ್ತೆ ತಿದ್ದಿದಳು. ಈ ಸಲ ಹಸಿರು ಪೆನ್ನಿನಲ್ಲಿ. ಹುಡುಗಿ ಮೊದಲು ನೀಲಿಯಲ್ಲಿ ಬರೆದಿದ್ದ ಉತ್ತರಗಳು ಐದಕ್ಕೆ ನಾಲ್ಕು, ಐದಕ್ಕೆ ಐದು, ಐದಕ್ಕೆ ನಾಲ್ಕು. ಮೇ ತಿಂಗಳಿಗೆ ಬರುವ ಹೊತ್ತಿಗೆ ಅವೂ ಕೆಟ್ಟಿದ್ದವು. ಅಲ್ಲಿಗೆ ಬಂದಾಗ ಅಕ್ಕನ ಕೈ ನಿಂತಿತು.

"ಇಲ್ಲಿಂದ ಅವ್ಳು ನಿಜವಾಗ್ಲೂ ತಪ್ಪು ಮಾಡೋಕ್ ಶುರು ಮಾಡಿದ್ದಾಳೆ ತಂಗಿ," ಎಂದಳು. "ನಾನ್ ಕಲಿಸ್ದೆ."

ಹುಡುಗಿಗೆ ಹೇಳಬಾರದು ಎಂದು ಅವಳ ವಾದ. ಹೇಳದೆ ಸುಮ್ಮನೆ ಹೊಸ ಹಾಳೆಯಿಂದ ತಿದ್ದಿದರೆ ತಾನಾಗಿ ಸರಿಹೋಗುತ್ತದೆ. ಹೇಳಲೇಬೇಕು, ಇಲ್ಲದಿದ್ದರೆ ತಾನು ಸರಿಯಿದ್ದೆ ಎನ್ನುವುದು ಅವಳಿಗೆ ಗೊತ್ತಾಗುವುದು ಹೇಗೆ ಎಂದು ನಾನು. ನನ್ನ ಮಾತು ನಡೆಯಿತು. ಈಗಲೂ ಮಿಮಿಯನ್ನು ಮಲಗಿಸುವಾಗ ಅದೇ ಯೋಚನೆ, ನಡೆಯಬಾರದಿತ್ತೇನೋ ಎಂದು.

ಮಧ್ಯಾಹ್ನ ಅಂಗಡಿಯಿಂದ ತರಿಸಿದ ಅಕ್ಕಿಶಾವಿಗೆ ತಿನ್ನಿಸಿ ಅಕ್ಕನೇ ಹೇಳಿದಳು. ಜಿಯಾವೆನ್ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಹಸಿರು ಗುರುತುಗಳನ್ನು ನೋಡುತ್ತಾ ಕೂತಳು. ಮೊಬೈಲು, ರಾಕೆಟ್ ಎರಡನ್ನೂ ಅಕ್ಕ ತಂದು ಪಕ್ಕದಲ್ಲಿಟ್ಟಳು. ಹುಡುಗಿ ಮುಟ್ಟಲಿಲ್ಲ.

"ಅಮ್ಮ, ಆ ಕಾರಣಗಳನ್ನೆಲ್ಲ ನಾನು ಬರೀ ಬರೆದಿದ್ದಲ್ಲ," ಎಂದಳು. "ನಂಬ್ಕೊಂಡುಬಿಟ್ಟಿದ್ದೀನಿ."

ಉಳಿದ ದಿನಗಳು ಹೀಗೆ ಹೋದವು. ಅವಳು ಓದುತ್ತಾಳೆ, ಒಂದು ಅಕ್ಷರ ಗುರುತಿಸುತ್ತಾಳೆ, ಅಳಿಸುತ್ತಾಳೆ. ಮೊದಲು ತೋಚಿದ್ದು ತಪ್ಪೇ ಇರಬೇಕು ಎಂದು ಅವಳ ಕೈಗೆ ಅಭ್ಯಾಸವಾಗಿತ್ತು. ನಾನು ಪಕ್ಕದಲ್ಲಿ ಕೂತು, ಮೊದಲು ಅನ್ನಿಸಿದ್ದನ್ನೇ ಇಟ್ಟುಕೋ ಎಂದರೆ, ಮೊದಲು ಅನ್ನಿಸಿದ್ದು ಯಾವುದು ಅಂತಲೇ ಗೊತ್ತಾಗುತ್ತಿಲ್ಲ ಚಿಕ್ಕಮ್ಮ ಎನ್ನುತ್ತಿದ್ದಳು. ಹನ್ನೆರಡು ನಿಮಿಷದ ಕಂಡಿಕೆಗೆ ಇಪ್ಪತ್ತೈದು ನಿಮಿಷ ಹಿಡಿಯತೊಡಗಿತು. ಅಕ್ಕ ಈಗ ತಿದ್ದುತ್ತಿರಲಿಲ್ಲ. ತಿದ್ದು ಎಂದು ಹುಡುಗಿಯೇ ಕೇಳಿದರೂ ಪೆನ್ನು ಹಿಡಿಯುತ್ತಿರಲಿಲ್ಲ. ಗುಂಪಿನಲ್ಲಿ ಸಹಿ ಕಾಣಿಸುತ್ತಿಲ್ಲವೆಂದು ಟೀಚರು ವಿಚಾರಿಸಿದಾಗ ಜ್ವರವೆಂದಳು.

ಜೂನ್ ನಡುವಿನಲ್ಲಿ ಪರೀಕ್ಷೆ. ಇಂಗ್ಲಿಷ್ ಎರಡನೇ ದಿನ. ಗೇಟಿನ ಹತ್ತಿರ ಶುಭವಾಗಲೆಂದು ಕೆಂಪು ಉಡುಪು ತೊಟ್ಟ ತಾಯಂದಿರ ಸಾಲು. ಅಕ್ಕನೂ ಮನೆಯೊಡತಿಯಿಂದ ಕೆಂಪು ಅಂಗಿ ಕೇಳಿ ತೊಟ್ಟಿದ್ದಳು, ತೋಳು ಬಿಗಿಯಾಗಿತ್ತು. ಹೊರಗೆ ಬಂದ ಮಕ್ಕಳನ್ನು ಹೇಗಾಯಿತು ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಕೇಳಬಾರದು. ಜಿಯಾವೆನ್ ನೀರು ಕುಡಿದು, ತಾನಾಗಿ ಹೇಳಿದಳು. ಕೊನೆಯ ಕಂಡಿಕೆಯ ಐದನ್ನೂ ಒಮ್ಮೆ ಬದಲಾಯಿಸಿದಳಂತೆ. ತಿರುಗಿ ಮೊದಲಿನಂತೆ ಮಾಡಲು ಹೋದಾಗ ಗಂಟೆ ಹೊಡೆಯಿತಂತೆ. ಎಷ್ಟು ತಿದ್ದಿದೆ, ಎಷ್ಟು ಬಿಟ್ಟೆ, ನೆನಪಿಲ್ಲ ಎಂದಳು.

ಹಿರಿಯ ಶಾಲೆಗೆ ಬೇಕಾದ ಕನಿಷ್ಠ ಅಂಕಕ್ಕಿಂತ ಆರು ಕಡಿಮೆ ಬಂತು.

ಕಸುಬಿನ ಶಾಲೆಗಳ ಅರ್ಜಿ ಜುಲೈ ಮೊದಲ ವಾರ, ಸಂಜೆ ಐದು ಗಂಟೆಯೊಳಗೆ ಮೊಬೈಲಿನಲ್ಲೇ ತುಂಬಬೇಕಿತ್ತು. ಮೂವರೂ ನಮ್ಮ ಊಟದ ಮೇಜಿಗೆ ಕೂತೆವು, ಮಿಮಿ ನನ್ನ ತೊಡೆಯ ಮೇಲೆ. ಶುಶ್ರೂಷೆ, ಲೆಕ್ಕಪತ್ರ, ಮಕ್ಕಳ ಶಿಕ್ಷಣ, ವಾಹನ ದುರಸ್ತಿ, ಅಡುಗೆ. ಇಷ್ಟು ವರ್ಷ ಮಗಳ ಊಟದಿಂದ ಹಿಡಿದು ಕೂದಲಿನ ಉದ್ದದವರೆಗೆ ಎಲ್ಲವನ್ನೂ ತಾನೇ ತೀರ್ಮಾನಿಸುತ್ತಿದ್ದ ಅಕ್ಕ ಮೊಬೈಲನ್ನು ಮಗಳ ಕಡೆ ಸರಿಸಿದಳು. ಮಗಳು ತಿರುಗಿ ತಾಯಿಯ ಕಡೆ ಸರಿಸಿದಳು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಇನ್ನೊಂದು ಸಲ ಆ ಹುಡುಗಿಗೆ ಇದು ಸರಿ ಎಂದು ಹೇಳುವ ಧೈರ್ಯ ನನ್ನಲ್ಲಿರಲಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿದೆ. ಮತ್ತೊಮ್ಮೆ ಓದಿದೆ. ನಾಲ್ಕೂ ನಲವತ್ತಾಗಿತ್ತು.

"ಶುಶ್ರೂಷೆ," ಎಂದು ಜಿಯಾವೆನ್ ಬೆರಳಿಟ್ಟಳು.

ಅಕ್ಕನಾಗಲಿ ನಾನಾಗಲಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹುಡುಗಿ ಬೆರಳನ್ನು ಅಲ್ಲೇ ಒತ್ತಿ ಹಿಡಿದು ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡಿದಳು.

"ತಪ್ಪಾ?" ಎಂದಳು, ಮತ್ತು ಬೆರಳು ತೆಗೆದಳು.