ಹತ್ತನೆಯ ಗ್ರಹಕ್ಕೆ ಬಾಜ್ರದ ರಾಶಿ

ಗುಜರಾತಿನ ಮಣಿನಗರ ಸ್ಟೇಷನ್ನಿನ ಎದುರಿನ ನಮ್ಮ ಹೋಟೆಲಿಗೆ ಗಿರಾಕಿ ಕಡಿಮೆಯಾದಾಗ ನನ್ನ ಮಗ ಆಕಾಶದ ಕಡೆ ನೋಡಿದ. ಒಲೆ ನೋಡಲಿಲ್ಲ, ಹಿಟ್ಟು ನೋಡಲಿಲ್ಲ. ಸೂರ್ಯನಿಂದ ಬಹಳ ದೂರದಲ್ಲಿ ಇನ್ನೂ ಯಾರಿಗೂ ಕಾಣದ ಒಂದು ದೊಡ್ಡ ಗ್ರಹ ಇರಬಹುದು, ಅದು ಬೇರೆಯವನ್ನು ಎಳೆಯುತ್ತಿರಬಹುದು ಎಂದು ಟಿವಿಯಲ್ಲಿ ಕೋಟು ಹಾಕಿದವನೊಬ್ಬ ಹೇಳಿದ್ದ. ಮಗನಿಗೆ ಅಷ್ಟು ಸಾಕಾಯಿತು. ನನ್ನ ಗಂಡ ಹಾಕಿದ ಹೋಟೆಲನ್ನು ಆ ಗ್ರಹವೇ ಮುಳುಗಿಸುತ್ತಿದೆ ಎಂದು ತೀರ್ಮಾನಿಸಿಬಿಟ್ಟ.

ವಡೋದರಾದಿಂದ ಒಬ್ಬ ಭಟ್ಟರನ್ನು ಕರೆಸಿದ. ನಮ್ಮ ಊರ ಕಡೆಯವರೇ. ಗುಜರಾತಿಗೆ ಬಂದು ಹೊಟ್ಟೆ ಬೆಳೆಸಿದ್ದು ಬಿಟ್ಟರೆ ಬೇರೇನೂ ಕಲಿತವರಲ್ಲ. ರಾಹು ಕೇತು ಸೇರಿ ನಮ್ಮಲ್ಲಿ ಒಂಬತ್ತು ಗ್ರಹ ಭರ್ತಿಯಾಗಿದೆ, ಆದ್ದರಿಂದ ಇದು ಹತ್ತನೆಯದು ಎಂದರು. ನವಗ್ರಹ ಶಾಂತಿಗೆ ಒಂಬತ್ತು ಧಾನ್ಯದ ಒಂಬತ್ತು ರಾಶಿ ಹಾಕುತ್ತಾರೆ. ಈಗ ಹತ್ತನೆಯ ರಾಶಿ ಬೇಕಾಯಿತು. ಯಾವ ಧಾನ್ಯ? ಭಟ್ಟರು ಚಹಾ ಮುಗಿಯುವವರೆಗೆ ಯೋಚಿಸಿ "ಬಾಜ್ರ" ಎಂದರು, ಅಂದರೆ ನಮ್ಮ ಸಜ್ಜೆ.

"ಬಾಜ್ರ ಬೇಕು ಅಂತ ನಿಮಗೆ ಹೇಳಿದ್ದು ಯಾರು ಭಟ್ರೇ? ಅದೇ ಫೋನ್ ಮಾಡಿತಾ?" ಎಂದು ಕೇಳಿದೆ.

"ಇದು ಗುಜರಾತಲ್ವಾ ಅಮ್ಮ. ದೇಶಾಚಾರ ಅಂತ ಒಂದುಂಟು."

"ಹಾಗಾದ್ರೆ ಅದು ಗುಜರಾತಿ ಗ್ರಹವಾ?"

"ಅಮ್ಮ, ನೀನು ಒಳಗೆ ಹೋಗು ಮಾರಾಯ್ತಿ," ಎಂದ ಮಗ.

ಶಾಂತಿ ಆದಮೇಲೂ ಸರಿಹೋಗದಿದ್ದರೆ ಹೋಟೆಲ್ ಮುಚ್ಚಿ ಸೂರತ್ತಿನ ಹತ್ತಿರದ ಫ್ಯಾಕ್ಟರಿ ಊರು ಸಚಿನ್‌ಗೆ ಹೋಗುವುದು, ಅಲ್ಲಿ ಕ್ಯಾಂಟೀನ್ ಹಾಕುವುದು ಎಂದು ಅವನ ಲೆಕ್ಕ. "ಫ್ಯಾಕ್ಟರಿ ಜನ ಹಸಿದಿರ್ತಾರೆ, ಎಂತ ಕೊಟ್ರೂ ತಿಂತಾರೆ," ಎಂದ. ಅನ್ನ ಬೇಯಿಸುವವನು ಆಡುವ ಮಾತಾ ಅದು?

ಅವನ ಮಗಳು ನವರಂಗಪುರದ ಕಾಲೇಜಿನಲ್ಲಿ ಓದುತ್ತಾಳೆ. ಅವಳ ಕನ್ನಡ ಅರೆಬೆಂದದ್ದು, ತಲೆ ಮಾತ್ರ ಸರಿಯಾಗಿದೆ. ಕಾಣದ್ದು ಉಂಟು ಅಂತ ಹೇಗೆ ಹೇಳ್ತಾರೆ ಎಂದು ಅವಳನ್ನೇ ಕೇಳಿದೆ.

"ಅಜ್ಜಿ, ತುಂಬಾ ದೂರ ಛೋಟಾ ಛೋಟಾ ಐಸ್ ಗುಂಡು ಇದೆ. ಅದರಲ್ಲಿ ಕೆಲವು ಸೂರ್ಯನ ಸುತ್ತ ಹೋಗುವಾಗ ಏಕ್ ಹೀ ಸೈಡ್ ವಾಲ್ತದೆ. ಕೋಯಿ ತೋ ಎಳೀತಿದೆ ನಾ?"

"ಯಾರೂ ಎಳೀದೆ ಇದ್ರೆ?"

"ತೋ ನಾವು ನೋಡಿದ್ದೇ ಗಲತ್. ಒಂದೇ ಸೈಡ್ ಹುಡುಕಿದ್ರೆ ಒಂದೇ ಸೈಡ್ ಸಿಕ್ತದೆ. ಕೆಲವರು ಹಾಗೂ ಹೇಳ್ತಾರೆ."

"ನಮ್ಮ ಗಿರಾಕಿಯನ್ನೂ ಎಳೀತದಾ ಅದು?"

"ಅರೆ ಅಜ್ಜಿ! ಒಂದು ಸುತ್ತು ಬರ್ಲಿಕ್ಕೇ ಅದಕ್ಕೆ ಹಜಾರೋ ವರ್ಷ. ಪಪ್ಪನ ದೋಸೆ ನೋಡ್ಲಿಕ್ಕೆ ಟೈಮ್ ಕಹಾಂ?"

ಆ ತಿಂಗಳು ಆ ಮನೆಯಲ್ಲಿ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ.

ಮರುದಿನ ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ಕುರ್ಚಿ ಹಾಕಿ, ಕರಿಬೇವು ಬಿಡಿಸುತ್ತಾ ಕುಳಿತೆ. ರೈಲು ಇಳಿದ ನಮ್ಮ ಹಳೆಯ ಗಿರಾಕಿಗಳು ನಮ್ಮ ಕಡೆಗೇ ಬರುತ್ತಿದ್ದರು. ಪಾನಿನಂಗಡಿಯವರೆಗೆ ಬಂದು, ಅಲ್ಲಿಂದ ಎಲ್ಲರೂ ಎಡಕ್ಕೆ ವಾಲಿ ಗಲ್ಲಿಯೊಳಗೆ ಹೋದರು. ಒಂದೇ ಕಡೆಯಿಂದ ನೋಡಿದರೆ ಸಾಲದು ಎಂದು ಮಾರನೆಯ ದಿನ ಗಲ್ಲಿಯ ಆಚೆ ತುದಿಯಲ್ಲಿ ಕುಳಿತೆ. ಆ ಕಡೆಯಿಂದ ಬಂದವರೂ ಅದೇ ಗಲ್ಲಿಗೆ ನುಗ್ಗಿದರು. ಮೂರನೆಯ ದಿನ ಕೋಲು ಹಿಡಿದು ನಾನೂ ಹೋದೆ.

ಗಲ್ಲಿಯಲ್ಲಿ ಒಂದು ಕೈಗಾಡಿ, ಅದರ ಮೇಲೆ ತವಾ. ತವಾದ ಹಿಂದೆ ನಮ್ಮಲ್ಲಿ ಒಲೆಯ ಮುಂದೆ ನಿಂತು ದೋಸೆ ಹೊಯ್ಯುತ್ತಿದ್ದ ಹಳೆಯ ಭಟ್ಟಿಯವನು. ಮಗ ಗ್ರೈಂಡರ್ ನಿಲ್ಲಿಸಿ ಫ್ಯಾಕ್ಟರಿಯ ಪ್ಲಾಸ್ಟಿಕ್ ಚೀಲದ ಹಿಟ್ಟು ತರಿಸಿದಾಗ, ಈ ಹಿಟ್ಟಿಗೆ ನಾನು ಕೈ ಹಾಕುವುದಿಲ್ಲ ಎಂದವನು ಇವನು. ಅಷ್ಟಕ್ಕೆ ಮಗ ಅವನನ್ನು ಓಡಿಸಿದ್ದ. ನನ್ನನ್ನು ಕಂಡು ಸ್ಟೂಲು ಎಳೆದು ಕೂರಿಸಿದ, ಒಂದು ದೋಸೆ ಹಾಕಿದ. ತಿಂದೆ. ನಾಚಿಕೆಯಾಯಿತು, ಆದರೂ ಇನ್ನೊಂದು ತಿಂದೆ.

"ವಾಪಸ್ ಬರ್ತಿಯಾ?"

"ಗ್ರೈಂಡರ್ ತಿರುಗ್ಬೇಕು ಅಮ್ಮ. ಮತ್ತೆ ಯಜಮಾನ್ರು, ನಿಮ್ಮ ಮಗ, ಬಂದು ಒಮ್ಮೆ ಕರೀಬೇಕು. ನೀವಲ್ಲ, ಅವ್ರು."

ಮನೆಗೆ ಬಂದು ಮಗನಿಗೆ ಹೇಳಿದೆ: "ನಿನ್ನ ಗ್ರಹ ಸಿಕ್ಕಿತು. ಪಾನಿನಂಗಡಿ ಹಿಂದೆ ಉಂಟು, ದೋಸೆ ಹೊಯ್ತದೆ. ಹೋಗಿ ಕರಿ."

"ಅವನನ್ನಾ? ನಾನಾ?"

"ಮತ್ತೆ ಭಟ್ರು ಹೋಗಿ ಕರೀಬೇಕಾ?"

"ಶಾಂತಿ ಒಂದು ಆಗ್ಲಿ. ಮತ್ತೆ ನೋಡುವ."

ಯಾರೂ ಕಾಣದ ಗ್ರಹಕ್ಕೆ ನೆಲಕ್ಕೆ ಹಣೆ ಹಚ್ಚಲು ಅವನಿಗೆ ಅಡ್ಡಿಯಿಲ್ಲ. ಕಣ್ಣೆದುರಿನ ಮನುಷ್ಯನ ಹತ್ತಿರ ತಪ್ಪಾಯಿತು ಎನ್ನಲು ಮಾತ್ರ ನಾಲಗೆ ಮರಗಟ್ಟುತ್ತದೆ. ಗ್ರಹ ತಿರುಗಿ ಮಾತಾಡುವುದಿಲ್ಲವಲ್ಲ, ಅದೊಂದು ಅನುಕೂಲ.

ಶಾಂತಿ ಆಯಿತು. ಒಂಬತ್ತು ರಾಶಿಗೆ ಗಟ್ಟಿಯಾಗಿ ಮಂತ್ರ ಹೇಳಿದ ಭಟ್ಟರು ಬಾಜ್ರದ ಹತ್ತಿರ ಬಂದಾಗ ಗಂಟಲಲ್ಲೇ ಗುನುಗಿದರು. ವಡೋದರಾದ ರೈಲು ಹತ್ತುವ ಮೊದಲು ಗಲ್ಲಿಗೆ ಹೋಗಿ ಮೂರು ದೋಸೆ ತಿಂದರಂತೆ. ಪಾನಿನಂಗಡಿಯವನೇ ನನಗೆ ಹೇಳಿದ್ದು.

ಗಿರಾಕಿ ಮರಳಲಿಲ್ಲ, ಮಗ ಗಲ್ಲಿಗೆ ಕಾಲಿಡಲಿಲ್ಲ. ಮೇಜು ಬೆಂಚುಗಳನ್ನು ಲಾರಿಗೆ ತುಂಬಿಸಿ ಸೊಸೆಯ ಜೊತೆ ಸಚಿನ್‌ಗೆ ಹೊರಟ. ಗ್ರೈಂಡರನ್ನು ಮಾತ್ರ ನಾನು ಹತ್ತಿಸಲು ಬಿಡಲಿಲ್ಲ. ಚೀಲದ ಹಿಟ್ಟು ತರುವವನಿಗೆ ಅದು ಎಂತಕ್ಕೆ? ಭಟ್ಟಿಯವನು ಇಬ್ಬರನ್ನು ಕರೆತಂದು ಅದನ್ನು ಗಲ್ಲಿಗೆ ಹೊರಿಸಿಕೊಂಡು ಹೋದ.

ನಾನೂ ಮೊಮ್ಮಗಳೂ ಇಲ್ಲಿಯೇ ಮಹಡಿಯ ಕೋಣೆಯಲ್ಲಿದ್ದೇವೆ. ಮಧ್ಯಾಹ್ನ ಗಲ್ಲಿಗೆ ಇಳಿದು ನಾನೇ ಹಿಟ್ಟು ರುಬ್ಬುತ್ತೇನೆ. ಮೊನ್ನೆ ಮಗನ ಫೋನ್ ಬಂತು.

"ಇಲ್ಲಿಯೂ ಜನ ಬರುದಿಲ್ಲ ಅಮ್ಮ. ಭಟ್ರನ್ನು ಇನ್ನೊಮ್ಮೆ ಕೇಳ್ಲಾ?"

"ಕೇಳು," ಎಂದು ಫೋನ್ ಇಟ್ಟೆ. ಉದ್ದು ನೆನೆದು ಆಗಿತ್ತು.