ದಾವಲ್‌ಬೀಯವರು ಕಾಸಿಸಿದ ನೀರು

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಬರುವ ರಸ್ತೆಯ ಎರಡೂ ಮಗ್ಗುಲಲ್ಲಿ ಕಳೆದ ಇಪ್ಪತ್ತಾರು ವರ್ಷಗಳಲ್ಲಿ ಹುಟ್ಟಿದವರನ್ನೆಲ್ಲ ಒಂದೆಡೆ ಕೂಡಿಸಿ, ನಿಮ್ಮನ್ನು ಈ ಲೋಕದಲ್ಲಿ ಮೊದಲು ಮುಟ್ಟಿದ ಕೈ ಯಾರದೆಂದು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ಜನ ಒಂದೇ ಹೆಸರು ಹೇಳಿಯಾರು. ಲಿಂಗಸುಗೂರಿನ ಜನಾನಾ, ಎಂದರೆ ಹೆಂಗಸರ, ದವಾಖಾನೆಯ ಹಿರಿಯ ದಾಯಿ ದಾವಲ್‌ಬೀಯವರು ನಿಜಾಮ ಸರ್ಕಾರದ ಲೆಕ್ಕದ ಫಸಲಿ ೧೩೫೬ರ ಈ ಶಹರೇವರ್ ತಿಂಗಳಲ್ಲಿ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಸೂಲಗಿತ್ತಿಯ ವಿದ್ಯೆಯನ್ನು ಹೈದರಾಬಾದಿನಲ್ಲಿ ಎರಡು ವರ್ಷ ಕಲಿತವರು ಅವರು. ಆದರೆ ಅವರ ಕೈಯಲ್ಲಿದ್ದ ಅತ್ಯಂತ ಬೆಲೆಯುಳ್ಳ ಉಪಕರಣವನ್ನು ಕೊಟ್ಟದ್ದು ಹೈದರಾಬಾದಲ್ಲ, ಮೂರು ಊರಿನ ಅತ್ತೆಯರು. ಅದೇ ಬಿಸಿನೀರು.

ಅದರ ಕಥೆ ಹೀಗಿದೆ. ದಾವಲ್‌ಬೀಯವರು ಫಸಲಿ ೧೩೩೦ರಲ್ಲಿ ಇಲ್ಲಿಗೆ ಬಂದಾಗ ದವಾಖಾನೆಯೆಂದರೆ ಎರಡು ಕೋಣೆ, ಒಂದು ಬೇವಿನ ಮರ, ಹಿತ್ತಲಲ್ಲಿ ಒಂದು ಒಲೆ. ಮೊದಲ ತಿಂಗಳು ವಳಕಮದಿನ್ನಿಯಿಂದ ಚಕ್ಕಡಿಯಲ್ಲಿ ಒಬ್ಬ ಹುಡುಗಿಯನ್ನು ಕರೆತಂದರು. ಎಷ್ಟು ತಿಂಗಳೆಂದು ಹುಡುಗಿಯನ್ನು ಕೇಳಿದರೆ ಅತ್ತೆ ಹೇಳಿದಳು. ಎಲ್ಲಿ ನೋವೆಂದು ಕೇಳಿದರೆ ಅದನ್ನೂ ಅತ್ತೆಯೇ ಹೇಳಿದಳು. ಕೊನೆಗೆ ನಾಲಗೆ ಚಾಚು ಎಂದರೆ ಅತ್ತೆ ತನ್ನ ನಾಲಗೆಯನ್ನು ಚಾಚಿದಳು. ದಾವಲ್‌ಬೀಯವರು ಆ ನಾಲಗೆಯನ್ನು ಗೌರವದಿಂದ ಪರೀಕ್ಷಿಸಿ, "ಅಮ್ಮಾ, ಜಲ್ದಿ ಒಂದು ಹಂಡೆ ನೀರು ಕಾಸಿಕೊಂಡು ಬರ್ರಿ" ಎಂದರು. ಒಲೆ ಹಿತ್ತಲಲ್ಲಿತ್ತು, ಕಟ್ಟಿಗೆ ಹಸಿಯಿತ್ತು. ಅತ್ತೆ ಹಿಂತಿರುಗುವಷ್ಟರಲ್ಲಿ ಹುಡುಗಿ ಕಳೆದ ಆರು ತಿಂಗಳ ತನ್ನ ಕಷ್ಟವನ್ನೆಲ್ಲ ಹೇಳಿ ಮುಗಿಸಿದ್ದಳು. ಅಂದಿನಿಂದ ಇಂದಿನವರೆಗೂ ಆ ಹಿತ್ತಲಲ್ಲಿ ಹಸಿ ಕಟ್ಟಿಗೆಗೆ ಬರವಿಲ್ಲ. ಅಲ್ಲಿ ಕಾದ ನೀರಿನಲ್ಲಿ ಮುಕ್ಕಾಲು ಪಾಲು ಬೇವಿನ ಬುಡಕ್ಕೆ ಹೋಗಿದೆ, ಆರಿಸಿಯೇ ಹಾಕಿದ್ದರಿಂದ ಮರವೂ ಚೆನ್ನಾಗಿದೆ.

ಅವರ ಸೇವೆಯ ದೊಡ್ಡ ಪರೀಕ್ಷೆ ಬಂದದ್ದು ಐದು ವರ್ಷಗಳ ಹಿಂದೆ, ಅಧಿಕ ಜ್ಯೇಷ್ಠ ಬಿದ್ದ ವರ್ಷ.

ಸಿಂಧನೂರಿನ ಮುದುಕಮ್ಮನವರು ದೊಡ್ಡ ಒಕ್ಕಲುತನದ ಮನೆಯ ಯಜಮಾನಿ. ಅವರ ಮನೆತನದಲ್ಲಿ ಚೊಚ್ಚಲ ಸೊಸೆಗೆ ಕುಬಸ, ಎಂದರೆ ಸೀಮಂತ, ಮಾಡಿ, ಹಸಿರು ಸೀರೆ ಉಡಿಸಿ, ಊರಿಗೆ ಹೋಳಿಗೆ ಹಾಕುವುದು ಏಳನೆಯ ತಿಂಗಳಲ್ಲಿ ಮಾತ್ರ. ಸೊಸೆ ಗ್ಯಾನಮ್ಮ ಗರ್ಭಿಣಿಯಾದಾಗ ಪಂಚಾಂಗ ಅಡ್ಡ ಬಂತು. ಐದನೆಯದರ ಬಹುಪಾಲು ಅಧಿಕಮಾಸ, ಆರು ಸರಿಸಂಖ್ಯೆ, ಏಳನೆಯದಕ್ಕೆ ಆಷಾಢ, ಮೂರರಲ್ಲೂ ಕುಬಸವಿಲ್ಲ. ಮುದುಕಮ್ಮನವರು ಯೋಚಿಸಿ ವೈಶಾಖದಲ್ಲಿ, ಐದು ಹಿಡಿದ ಕೂಡಲೇ, ಕುಬಸ ಮುಗಿಸಿದರು. ಬೀಗರ ಮುಂದೆ, ಊರಿನ ಮುಂದೆ ಅದನ್ನು ಏಳೆಂದು ಸಾರಿದರು. ಮುನ್ನೂರು ಜನ ಏಳನೆಯ ತಿಂಗಳ ಹೋಳಿಗೆಯನ್ನು ಉಂಡು, ಹೊಟ್ಟೆ ಸಣ್ಣದೆಂದು ಮರುಗಿ ಹೋದರು.

ಸುಳ್ಳಿಗೆ ತಿಂಗಳು ತುಂಬುವುದು ಹೊಟ್ಟೆಗಿಂತ ಬೇಗ. ಶ್ರಾವಣ ಮುಗಿಯುವ ಹೊತ್ತಿಗೆ ಊರಿನ ಲೆಕ್ಕದಲ್ಲಿ ಗ್ಯಾನಮ್ಮನಿಗೆ ಹತ್ತು ತುಂಬಿ ಹನ್ನೊಂದು ಹಿಡಿಯಿತು. ಚೊಚ್ಚಲ ಹೆರಿಗೆಗೆಂದು ತವರಾದ ಮಸ್ಕಿಗೆ ಕರೆದೊಯ್ದಿದ್ದ ತಂದೆ ಹೊನ್ನೂರಪ್ಪನವರು ಗಾಬರಿಯಾಗಿ ಮಗಳನ್ನು ದವಾಖಾನೆಗೆ ತಂದರು. ಸುದ್ದಿ ತಿಳಿದು ಮುದುಕಮ್ಮನವರೂ ಮಗ ಪಂಪಣ್ಣನನ್ನು ಹಿಂದೆ ಹಾಕಿಕೊಂಡು ಬಂದಿಳಿದರು.

ಹೊನ್ನೂರಪ್ಪನವರು ಹತ್ತಿಯ ವ್ಯಾಪಾರಕ್ಕೆ ರಾಯಚೂರು, ಹೈದರಾಬಾದು ಕಂಡವರು. ಹೈದರಾಬಾದಿನಲ್ಲಿ ಹೊಟ್ಟೆ ಕೊಯ್ದು ಕೂಸು ತೆಗೆಯುತ್ತಾರೆಂದು ಕೇಳಿದ್ದರು. ಅದರಲ್ಲಿ ಅವರಿಗೆ ಬಹಳ ಹಿಡಿಸಿದ್ದು, ದಿನ ಮೊದಲೇ ಗೊತ್ತುಮಾಡಬಹುದೆಂಬುದು. ಜೋಯಿಸರಿಂದ ಒಳ್ಳೆಯ ನಕ್ಷತ್ರ ಬರೆಸಿಕೊಂಡು, ರಾಯಚೂರಿನ ಸ್ಟೇಷನ್ನಿಗೆ ಮುಟ್ಟಿಸಲು ಇದ್ದಿಲು ಗ್ಯಾಸಿನ ಮೋಟಾರನ್ನೂ ಬಾಗಿಲಲ್ಲಿ ನಿಲ್ಲಿಸಿದ್ದರು.

"ಕೊಯ್ದರ ಒಂದ್ ತಾಸಿನ ಕೆಲಸ ರೀ. ರೋಹಿಣಿ ನಕ್ಷತ್ರಕ್ಕ ಸರಿಯಾಗಿ ಕೂಸು ಕೈಯಾಗ."

"ನಿಮ್ಮ ಹತ್ತಿ ಅಂಡಿಗಿ ಏನ್ ರೀ ಬೀಗ್ರ ಕೊಯ್ದು ಬಿಚ್ಚಾಕ?" ಎಂದರು ಮುದುಕಮ್ಮನವರು. "ಔಡಲೆಣ್ಣಿ ಕುಡಿಸಿ, ಬ್ಯಾನಿ ಬರಸೋ ಔಷಧ ಕೊಟ್ಟರ ತಾನ ಹಡಿತಾಳ. ಇವರು ಕೊಡಲಿಲ್ಲ ಅಂದ್ರ ತುರ್ವಿಹಾಳದಾಗ ನಮ್ಮ ಕಡಿ ಸೂಲಗಿತ್ತಿ ಅದಾಳ. ಕೂಸು ಒಳಗ ಒಣಗಾಕತ್ತೈತಿ."

ವಾರಕ್ಕೆ ಎರಡು ದಿನ ಬರುವ ಡಾಕ್ಟರ್ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರಾದರೂ ಅವಸರದವರಲ್ಲ. ತಿಂಗಳು ನಿಜವಾಗಿಯೂ ಮೀರಿದ್ದರೆ ನೋವು ಬರಿಸಬೇಕು, ಇಲ್ಲವೇ ಕೊಯ್ಯಬೇಕು. ಮೀರದಿದ್ದರೆ ಎರಡೂ ಕೂಸಿಗೆ ಕೇಡು ಎಂದು ಹೇಳಿ ದಾವಲ್‌ಬೀಯವರ ಮುಖ ನೋಡಿದರು. ದಾವಲ್‌ಬೀಯವರು ಹೊಕ್ಕುಳದಿಂದ ಮೇಲಕ್ಕೆ ಬೆರಳಿಟ್ಟು ಅಳೆದರು. ಹನ್ನೊಂದರ ಹೊಟ್ಟೆ ಅದಾಗಿರಲಿಲ್ಲ.

"ಮುದುಕಮ್ಮಾ, ಒಂದು ಹಂಡೆ ನೀರು ಕಾಸಿಕೊಂಡು ಬರ್ರಿ" ಎಂದರು.

ಅತ್ತೆ ಹಿತ್ತಲಿಗೆ ಹೋದ ಮೇಲೆ ಗ್ಯಾನಮ್ಮ ಬಾಗಿಲ ಕಡೆ ನೋಡುತ್ತ ಪಿಸುಗುಟ್ಟಿದಳು. "ಎಂಟು ಇನ್ನೂ ತುಂಬಿಲ್ಲ ಬೀಬಿ. ಸಂಕ್ರಾಂತಿಗೆ ನಾಕು ದಿನ ಇರೋವಾಗ ಹೊರಗ ಕುಂತಿದ್ದೆ. ಅತ್ತಿ ಹೆಸರು ಹೇಳಬ್ಯಾಡ್ರಿ. ನಮ್ಮಪ್ಪನ ಮುಂದ ಅವರ ಮಾತು ಸುಳ್ಳಾದರ ನನ್ನ ಕರಕೊಂಡು ತುರ್ವಿಹಾಳಕ್ಕ ಹೊಂಟಬಿಡ್ತಾರ."

ಹುಡುಗಿಯ ಅಂದಾಜು ಸರಿಯಾಗಿತ್ತು. ನಿಜ ಹೇಳಿದರೆ ಮುದುಕಮ್ಮನವರ ಮಾನ ಹೋಗುತ್ತಿತ್ತು, ಮಾನ ಹೋದ ಸಿಟ್ಟಿನಲ್ಲಿ ಅವರು ಸೊಸೆಯನ್ನು ಎಬ್ಬಿಸಿಕೊಂಡು ಹೋದರೆ ಎಂಟು ತುಂಬದ ಕೂಸಿಗೆ ಔಡಲೆಣ್ಣೆ ಕಾದಿತ್ತು. ಸುಮ್ಮನಿದ್ದರೆ ಇದ್ದಿಲು ಮೋಟಾರು ಹೊಗೆ ಬಿಡುತ್ತ ಬಾಗಿಲಲ್ಲೇ ನಿಂತಿತ್ತು. ದಾವಲ್‌ಬೀಯವರು ಡಾಕ್ಟರ್ ಸಾಹೇಬರಿಗೆ ಉರ್ದುವಿನಲ್ಲಿ ಮೆಲ್ಲಗೆ ಇದ್ದದ್ದನ್ನು ತಿಳಿಸಿದರು. ಆಮೇಲೆ ಗೋಡೆಯ ಮೇಲಿದ್ದ ಸರ್ಕಾರಿ ಫಸಲಿ ಕ್ಯಾಲೆಂಡರನ್ನು ಇಳಿಸಿಕೊಂಡು ಹೊರಗೆ ಬಂದು, ಹಂಡೆ ಹೊತ್ತು ಬಂದ ಮುದುಕಮ್ಮನವರ ಮುಂದೆ ಹಿಡಿದರು.

"ಇದು ಸರ್ಕಾರದ ನೆರವಿನ ದವಾಖಾನಿ ಅಮ್ಮಾ. ಇಲ್ಲಿ ಬಸರಿಯ ಲೆಕ್ಕ ಸರ್ಕಾರಿ ತಿಂಗಳ ಮ್ಯಾಲೆ. ನೋಡ್ರಿ, ತೀರ್, ಅಮರ್ದಾದ್, ಶಹರೇವರ್. ಇದರಾಗ ಅಧಿಕಮಾಸ ಎಲ್ಲೈತಿ? ಆಷಾಢ ಎಲ್ಲೈತಿ? ಆ ಎರಡೂ ನಮ್ಮ ರಿಜಿಸ್ಟರಿಗೆ ಬರಂಗಿಲ್ಲ."

ಮುದುಕಮ್ಮನವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಪಾರಾಗಲು ಬಾಗಿಲು ತೆರೆದದ್ದು ಕಾಣುತ್ತಿತ್ತು. ಕ್ಯಾಲೆಂಡರನ್ನು ಮೇಲಿನಿಂದ ಕೆಳಗಿನವರೆಗೆ ಓದಿದವರಂತೆ ನೋಡಿ, ಬೀಗರ ಕಡೆ ತಿರುಗಿದರು.

"ಕೇಳಿದ್ರಿಲ್ಲ ಬೀಗ್ರ? ನಾವು ಹನ್ನೊಂದು ಅಂತೀವಿ. ಸರ್ಕಾರದಾಗ ಒಂಬತ್ತು ಅಂತ. ಸರ್ಕಾರದ ಮುಂದ ನಾವು ಏನ್ ಮಾಡಾಕಾಗ್ತದ?"

ಹೊನ್ನೂರಪ್ಪನವರು ಹತ್ತಿಯ ತೂಕದಲ್ಲಿ ಸರ್ಕಾರದೊಂದಿಗೆ ವಾದಿಸಿ ಸೋತವರಾದ್ದರಿಂದ ಬಸುರಿನ ವಿಷಯದಲ್ಲಿ ಮತ್ತೆ ವಾದಿಸಲು ಹೋಗಲಿಲ್ಲ. ಮೋಟಾರು ಹೊಗೆ ಬಿಡುತ್ತ ಬಂದ ದಾರಿಗೆ ಹೋಯಿತು, ನೀರು ಬೇವಿನ ಬುಡಕ್ಕೆ ಹೋಯಿತು. ಗ್ಯಾನಮ್ಮನನ್ನು ಮಾತ್ರ ದಾವಲ್‌ಬೀಯವರು ಬಿಡಲಿಲ್ಲ. ತಮ್ಮ ಮನೆಗೆ ಹತ್ತಿರದಲ್ಲೇ ಒಂದು ಕೋಣೆ ಕೊಡಿಸಿ, ದಿನಕ್ಕೊಮ್ಮೆ ಹೊಟ್ಟೆಗೆ ಕಿವಿಗೊಟ್ಟು, ಏಳು ವಾರ ಕಾದರು. ಮುದುಕಮ್ಮನವರೂ ಅಲ್ಲೇ ಉಳಿದು, ದಿನಕ್ಕೊಮ್ಮೆ ನೀರು ಕಾಸಿದರು.

ಆದರೆ ಒಂದು ಸಲ ಕಳೆಯಲು ಕಲಿಸಿದ ಲೆಕ್ಕವನ್ನು ನಿಲ್ಲಿಸುವುದು ಅಷ್ಟು ಸುಲಭವಲ್ಲವೆಂದು ದಾವಲ್‌ಬೀಯವರಿಗೆ ತಿಳಿದದ್ದು ದಸರೆಯ ನಂತರ. ಬನ್ನಿ ಮುಡಿಯುವ ಹೊತ್ತಿಗೆ ಹೆರಿಗೆಯಾಗಬೇಕಿತ್ತು, ಆಗಲಿಲ್ಲ. ಬನ್ನಿ ಕಳೆದು ಹನ್ನೆರಡು ದಿನವಾದರೂ ಆಗಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಗ್ಯಾನಮ್ಮ, "ಬೀಬಿ, ಕೂಸು ಮೊದಲಿನಂಗ ಒದೆಯಾಕ ಒಲ್ದು" ಎಂದಳು. ದಾವಲ್‌ಬೀಯವರು ಕಿವಿಯಿಟ್ಟು ಕೇಳಿ, ಎದ್ದು ನೇರವಾಗಿ ಡಾಕ್ಟರ್ ಸಾಹೇಬರಲ್ಲಿಗೆ ಹೋದರು.

ಈಗ ತಿಂಗಳು ಖರೆಯಾಗಿ ಮೀರಿತ್ತು. ಸಾಹೇಬರು ಪರೀಕ್ಷಿಸಿ, ಕೂಸಿನ ತಲೆ ಕೆಳಗಿಳಿದಿದೆ, ಎದೆಬಡಿತ ಇನ್ನೂ ಸರಿಯಿದೆ ಎಂದರು. ಇಂದು ಔಡಲೆಣ್ಣೆ, ಬಿಸಿನೀರ ಸ್ನಾನ, ಕ್ವಿನೈನ್ ಕೊಟ್ಟು ನೋವು ಬರಿಸಿ ನೋಡುವುದು, ನಾಳೆ ಮಧ್ಯಾಹ್ನದೊಳಗೆ ದಾರಿ ಕಾಣದಿದ್ದರೆ ಅಥವಾ ಬಡಿತ ತಗ್ಗಿದರೆ ಮೋಟಾರಿನಲ್ಲಿ ರಾಯಚೂರಿನ ದೊಡ್ಡ ದವಾಖಾನೆಗೆ ಕೊಯ್ಯಲು ಕಳಿಸುವುದು. ಇದಕ್ಕೆ ಗಂಡ ಪಂಪಣ್ಣನ ಸಹಿ ಬೇಕಿತ್ತು. ತಾಯಿ ಹೂಂ ಎನ್ನದೆ ಪಂಪಣ್ಣ ಲೇಖನಿ ಹಿಡಿಯುವವನಲ್ಲ.

ಹೊನ್ನೂರಪ್ಪನವರು ಜೋಯಿಸರಿಂದ ಹೊಸ ನಕ್ಷತ್ರ ಬರೆಸಿಕೊಂಡು ಮತ್ತೆ ಅದೇ ಮೋಟಾರಿನಲ್ಲಿ ಬಂದಿದ್ದರು. "ಔಷಧ ಯಾಕ, ನೆಟ್ಟಗ ಕೊಯ್ಯಲಿ" ಎಂದರು. ಮುದುಕಮ್ಮನವರು ಎರಡಕ್ಕೂ ಒಪ್ಪಲಿಲ್ಲ.

"ಅವಸರ ಯಾಕ? ಹಿರೇರಿಗೆ ಎಡಿ ಇಡೋ ಮಾಳಪಕ್ಷದ ಹದಿನೈದು ದಿನ ನಮ್ಮವರು ಲೆಕ್ಕಕ್ಕ ಹಿಡಿಯಂಗಿಲ್ಲ. ದಸರಾಕ್ಕ ಕಚೇರಿ ರಜಾ ಇತ್ತು, ಅದನ್ನ ಸರ್ಕಾರದೋರು ಹಿಡಿಯಂಗಿಲ್ಲ. ಇನ್ನೂ ತಿಂಗಳು ಐತಿ."

ಮಾತು ಕೇಳಿ ಪಂಪಣ್ಣನಿಗೂ ನಗು ಬಂತು. ದಾವಲ್‌ಬೀಯವರಿಗೆ ಬರಲಿಲ್ಲ. ಮುದುಕಮ್ಮನವರು ಖಾಲಿ ಹಂಡೆಯನ್ನು ಎದೆಗೆ ಅವಚಿಕೊಂಡು ನಿಂತದ್ದು ಅವರಿಗೊಬ್ಬರಿಗೆ ಕಂಡಿತ್ತು. ಶ್ರಾವಣದಲ್ಲಿ ತಮ್ಮ ಮಾತಿಗೇ ಜೋತುಬಿದ್ದು ಎಂಟು ತುಂಬದ ಕೂಸಿಗೆ ಔಷಧ ಕುಡಿಸಲು ಹೊರಟಿದ್ದ ಹೆಂಗಸು, ಈಗ ಯಾವ ಲೆಕ್ಕವನ್ನೂ ನಂಬಲಾರದೆ ದಿನಗಳನ್ನು ಹಿಂದಕ್ಕೆ ತಳ್ಳುತ್ತಿದ್ದರು. ಆ ದಾರಿಯನ್ನು ತೋರಿಸಿದವರು ಯಾರೆಂಬುದೂ ದಾವಲ್‌ಬೀಯವರಿಗೆ ಗೊತ್ತಿತ್ತು. ಅವರು ಎಲ್ಲರೆದುರು ಹೇಳಿದರು:

"ಮುದುಕಮ್ಮಾ, ನಾ ಸುಳ್ಳು ಹೇಳಿದ್ದೆ. ಹಂಗ ಯಾವ ಸರ್ಕಾರಿ ಲೆಕ್ಕನೂ ಇಲ್ಲ. ಹೊಟ್ಟ್ಯಾಗಿನ ಕೂಸಿಗೆ ಅಧಿಕಮಾಸನೂ ಒಂದೇ, ರಜಾನೂ ಒಂದೇ. ಅದು ದಿನಾ ಬೆಳಿತೈತಿ. ಈಗ ಅದಕ್ಕ ಒಳಗ ಜಾಗಾ ಇಲ್ಲ. ಬೈಯೋದಿದ್ರ ನಾಳಿ ಬೈರಿ, ಇವತ್ತ ಹೂಂ ಅನ್ರಿ."

ಇಪ್ಪತ್ತೊಂದು ವರ್ಷ ಆ ದವಾಖಾನೆಯಲ್ಲಿ ದಾವಲ್‌ಬೀಯವರ ಬಾಯಿಂದ ನಾ ಸುಳ್ಳು ಹೇಳಿದ್ದೆ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ಮುದುಕಮ್ಮನವರು ಹಂಡೆಯನ್ನು ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡರು. ಬೀಗರನ್ನು ನೋಡದೆ ಬೇವಿನ ಮರವನ್ನು ನೋಡುತ್ತ ಹೇಳಿದರು.

"ಮೊದಲ ಸುಳ್ಳು ನಂದು ಬೀಗ್ರ. ಕುಬಸ ಐದರಾಗ ಮಾಡಿದ್ದೆ. ಏಳಂತ ಹೇಳಿದ್ದೆ. ಹುಡುಗಿಗೆ ಗೊತ್ತಿತ್ತು, ನನ್ನ ಅಂಜಿಕಿಗೆ ಬಾಯಿ ಬಿಡಲಿಲ್ಲ."

ಹೊನ್ನೂರಪ್ಪನವರು ಬಾಗಿಲಲ್ಲಿದ್ದ ಮೋಟಾರಿನ ಕಡೆ ತಿರುಗಿ ನೋಡಿದರು. ಶ್ರಾವಣದಲ್ಲಿ ಮಗಳನ್ನು ತಾವೇ ಕತ್ತರಿಯ ಕೆಳಗೆ ಒಯ್ಯಲು ಮೋಟಾರು ತಂದಿದ್ದು ಅವರ ಕಣ್ಣಮುಂದೆ ಬಂದಿರಬೇಕು. ನಕ್ಷತ್ರದ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟರು.

"ಇರಲಿ ಬಿಡ್ರಿ ಬೀಗತಿ" ಎಂದರು. "ಹೋಳಿಗಿ ಏನೋ ಏಳರಾಗಿನ ಹಂಗ ಇದ್ದುವು."

ಪಂಪಣ್ಣ ಸಹಿ ಮಾಡಿದನು. ಮುದುಕಮ್ಮನವರು ಏನು ಮಾಡಲೂ ತಿಳಿಯದೆ ನಿಂತಿದ್ದಾಗ ದಾವಲ್‌ಬೀಯವರು ತೋಳು ಮಡಚುತ್ತ, "ಹಂಡೆ ಎತ್ತಿಕೊಳ್ರಿ. ಇವತ್ತ ನೀರು ಖರೇನ ಬೇಕು" ಎಂದರು.

"ಅಂದ್ರ ಇಷ್ಟು ದಿನ?" ಎಂದರು ಮುದುಕಮ್ಮನವರು. ಬೇವಿನ ಬುಡದ ಹಸಿಯನ್ನು ನೋಡಿದರು, ಸೊಸೆಯನ್ನು ನೋಡಿದರು, ದಾವಲ್‌ಬೀಯವರನ್ನು ನೋಡಿದರು. "ಏಳು ವಾರ ಕಾಸಿನಿ ಬೇ, ನಿನ್ನ ಬಾಯಾಗ ಮಣ್ಣು ಹಾಕ!" ಎನ್ನುತ್ತ, ಅಷ್ಟು ವಯಸ್ಸಿನ ಹೆಂಗಸು ಓಡುತ್ತ ಹಿತ್ತಲಿಗೆ ಹೋದರು. ಅಂದು ಮೊದಲ ಬಾರಿಗೆ ಅವರಿಗೆ ಒಣ ಕಟ್ಟಿಗೆ ಕೊಡಲಾಯಿತು.

ಗ್ಯಾನಮ್ಮನಿಗೆ ಸಂಜೆಗೆ ನೋವು ಹಿಡಿದು, ಮರುದಿನ ಬೆಳಿಗ್ಗೆ ನಿಧಾನವಾಯಿತು. ಹತ್ತು ಗಂಟೆಗೆ ಸಾಹೇಬರು ಮೋಟಾರಿಗೆ ಇದ್ದಿಲು ಹೊತ್ತಿಸಲು ಹೇಳಿದರು. ದಾವಲ್‌ಬೀಯವರು ಹುಡುಗಿಯ ಬೆನ್ನಿಗೆ ಬಿಸಿ ಬಟ್ಟೆ ಒತ್ತುತ್ತ, ಕೂಸಿನ ಬಡಿತವನ್ನು ಎಣಿಸುತ್ತ, ಬಾಗಿಲನ್ನೂ ಗಡಿಯಾರವನ್ನೂ ಒಂದೊಂದು ಸಲ ನೋಡುತ್ತ ನಿಂತರು. ಮೋಟಾರು ಕಾದು ಗುಡುಗುಡು ಎನ್ನುವುದಕ್ಕೂ ಒಳಗಿನಿಂದ ಅಳು ಕೇಳುವುದಕ್ಕೂ ಸರಿಹೋಯಿತು. ಹೆಣ್ಣು ಕೂಸು, ಉಗುರು ಬೆಳೆದು, ತಲೆತುಂಬ ಕೂದಲು ತುಂಬಿಕೊಂಡು, ತಡವಾಗಿ ಬಂದವರ ಗತ್ತಿನಲ್ಲೇ ಬಂದಿತ್ತು. ನಕ್ಷತ್ರ ಯಾವುದೆಂದು ಹೊನ್ನೂರಪ್ಪನವರು ಕೇಳಲಿಲ್ಲ. ಕಾದ ಮೋಟಾರು ವ್ಯರ್ಥವಾಗಬಾರದೆಂದು ಅದೇ ಗಾಡಿಯಲ್ಲಿ ಸಿಂಧನೂರಿಗೆ ಸುದ್ದಿ ಕಳಿಸಿದರು. ಮುದುಕಮ್ಮನವರು ಮೊಮ್ಮಗಳನ್ನು ಮೊದಲ ನೀರಿಗೆ ತಾವೇ ಹಿಡಿದರು. ಆ ನೀರನ್ನು ಕಾಸಿದವರೂ ಅವರೇ.

ಆಮೇಲಿನ ಐದು ವರ್ಷಗಳಲ್ಲಿ ಸಿಂಧನೂರಿನ ಕಡೆಯಿಂದ ಬಂದ ಅನೇಕ ಸೊಸೆಯಂದಿರ ಜೊತೆಗೆ ಮುದುಕಮ್ಮನವರೇ ಬಂದಿದ್ದಾರೆ, ಸಂಬಂಧವಿರಲಿ ಬಿಡಲಿ. ಬಂದವರು ಒಳಗೆ ಕಾಲಿಡುವ ಮೊದಲೇ ಹುಡುಗಿಯ ಅತ್ತೆಯ ಕೈಹಿಡಿದು, "ಬರ್ರಿ, ನೀರು ಕಾಸೋಣು" ಎಂದು ಹಿತ್ತಲಿಗೆ ಎಳೆದೊಯ್ಯುತ್ತಾರೆ. ದಾವಲ್‌ಬೀಯವರ ವಿದ್ಯೆಗೆ ಸಿಕ್ಕ ಶಿಷ್ಯೆಯರಲ್ಲಿ ಇವರೇ ಮೇಲು.

ಈ ಅಭಿನಂದನ ಸಮಾರಂಭಕ್ಕೆ ದಿನ ಗೊತ್ತುಮಾಡುವಾಗಲೂ ಒಂದು ತೊಡಕು ಬಂತು. ಈ ವರ್ಷ ಅಧಿಕ ಶ್ರಾವಣ, ಶುಭಕಾರ್ಯಕ್ಕೆ ಒಂದು ತಿಂಗಳು ಕಾಯಬೇಕೆಂದು ಸಮಿತಿಯ ಹಿರಿಯರು ಹೇಳಿದರು. ಹೆಂಗಸರ ಸಾಲಿನಿಂದ ಮುದುಕಮ್ಮನವರು ಎದ್ದು ನಿಂತು, "ಇದು ಸರ್ಕಾರದ ನೆರವಿನ ದವಾಖಾನಿ ರೀ. ಇಲ್ಲಿ ಅಧಿಕಮಾಸ ರಿಜಿಸ್ಟರಿಗೆ ಬರಂಗಿಲ್ಲ" ಎಂದರು. ದಾವಲ್‌ಬೀಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದಿನ ಗೊತ್ತಾಯಿತು. ಐದು ವರ್ಷ ಮುಗಿಯುತ್ತ ಬಂದ ಗ್ಯಾನಮ್ಮನ ಮಗಳೇ ಅವರಿಗೆ ಹಾರ ಹಾಕುವುದೆಂದೂ ಗೊತ್ತಾಯಿತು.

ದಾವಲ್‌ಬೀಯವರು ನೂರು ವರ್ಷ ಬಾಳಲಿ, ಮತ್ತು ಆ ನೂರನ್ನು ಎಣಿಸುವಾಗ ಮಾತ್ರ ಅಧಿಕಮಾಸ, ಆಷಾಢ, ಮಾಳಪಕ್ಷ, ದಸರಾ ರಜೆ ಒಂದನ್ನೂ ಲೆಕ್ಕಕ್ಕೆ ಹಿಡಿಯದಿರಲಿ. ನಾಳೆಯಿಂದ ಅವರ ಮನೆಯ ಬಾಗಿಲಿಗೆ ಬಸುರಿಯರು ಬರುವುದೇನೂ ನಿಲ್ಲದು. ಅಲ್ಲಿಯೂ ಒಲೆ ಹಿತ್ತಲಿನಲ್ಲೇ ಇದೆ, ಕಟ್ಟಿಗೆಯನ್ನು ಈಗಾಗಲೇ ನೆನೆಹಾಕಲಾಗಿದೆ.