ಅವ್ವನ ಉಸಿರು, ಒಂಬತ್ತು ವ್ಯಾಟಿನ ಬಲ್ಬು

ಕುಂಯ್ ಎಂದು ಕೂಗಿ ಇನ್ವರ್ಟರ್ ಬಂದ್ ಆಯಿತು. ಜೊತೆಗೇ ಆಕ್ಸಿಜನ್ ಮಷಿನ್ನೂ!

ಪುಣ್ಯಕ್ಕೆ ಅದು ಬರೀ ಟೆಸ್ಟ್. ಅವ್ವ ಇನ್ನೂ ಆಸ್ಪತ್ರೆಯಲ್ಲಿದ್ದಳು, ಮರುದಿನ ಡಿಸ್ಚಾರ್ಜ್. ಮನೆಯಲ್ಲೂ ಮಷಿನ್ ನಿಲ್ಲಬಾರದು ಎಂದು ಡಾಕ್ಟರ್ ಹೇಳಿದ್ದರು. ಬಾಡಿಗೆಗೆ ತಂದು, ಅದಕ್ಕೊಂದು ಪ್ಲಗ್ ಹಾಕಿಸಲು ಭೀಮಣ್ಣನವರನ್ನು ಕರೆದಿದ್ದೆ.

ಭೀಮಣ್ಣ ಯಾದಗಿರಿ ಕಡೆಯವರು, ನಮ್ಮಂತೆಯೇ ಹೊಟ್ಟೆಪಾಡಿಗೆ ಈ ತೆಲುಗು ಊರಿಗೆ ಬಂದವರು. ವಾರವಿಡೀ ಹೈಟೆಕ್ ಸಿಟಿಯಲ್ಲಿ ದಿನಕ್ಕೊಂದರಂತೆ ಏಳುತ್ತಿರುವ ಗಾಜಿನ ಟವರುಗಳಲ್ಲಿ ವೈರಿಂಗ್. ಭಾನುವಾರ ನಮ್ಮಂಥವರ ಮನೆ ರಿಪೇರಿ. ಪ್ಲಗ್ ಹಾಕಿದವರು, ಸುಮ್ಮನೆ ಹೋಗದೆ, ಕರೆಂಟ್ ಹೋದರೆ ಏನಾಗುತ್ತದೆಂದು ಮೇನ್ ಸ್ವಿಚ್ ಆರಿಸಿ ನೋಡಿದ್ದರು. (ಅಷ್ಟು ಯೋಚನೆ ನನಗೆ ಹೊಳೆದಿರಲಿಲ್ಲ.)

ನಾರಾಯಣಗೂಡದ ನಮ್ಮ ಮನೆ ನೆಲಮಹಡಿಯಲ್ಲಿದೆ. ಮೂರೂ ಕಡೆ ಕಟ್ಟಡ. ಮಟಮಟ ಮಧ್ಯಾಹ್ನವೂ ಲೈಟ್ ಬೇಕು. ಭೀಮಣ್ಣ ತಲೆ ಎತ್ತಿ ಒಂದೊಂದನ್ನೇ ಎಣಿಸಿದರು.

"ನಾಲ್ಕು ಟ್ಯೂಬ್, ಒಂದೊಂದು ನಲವತ್ತು ವ್ಯಾಟ್. ಚೋಕ್ ತಿನ್ನೋದು ಬ್ಯಾರೆ. ಮೂರು ಹಳದಿ ಬಲ್ಬ್, ಅರವತ್ತರವು. ಮಷಿನ್ನಿಗೆ ಬೇಕಾದಷ್ಟು ಕರೆಂಟ್ ಇವ ತಿನ್ನಾಕತ್ತಾವ ನೋಡ್ರಿ."

"ಹಂಗಾರ ದೊಡ್ಡ ಇನ್ವರ್ಟರ್ ತರೋಣೇನ್ರಿ?"

"ಯಾಕ್ರಿ? ಎಲ್‌ಇಡಿ ಹಾಕೋಣು. ಅರವತ್ತರ ಬಲ್ಬಿನ ಜಾಗಾದಾಗ ಒಂಬತ್ತರದು. ಟ್ಯೂಬಿನ ಜಾಗಾದಾಗ ಇಪ್ಪತ್ತರದು."

"ಒಂಬತ್ತಾ? ಅವ್ವಗ ಕತ್ತಲಾಗಂಗಿಲ್ಲೇನು?"

"ವ್ಯಾಟ್ ಅಂದ್ರ ಬೆಳಕಲ್ರಿ ಸಾಹೇಬ್ರ. ಎಷ್ಟು ತಿಂತೈತಿ ಅನ್ನೋದು. ಹಳೇ ಬಲ್ಬ್ ತಿಂದದ್ದೆಲ್ಲ ಭಾಳ ಮಾಡಿ ಬಿಸಿಗೇ ಹೋಗತೈತಿ. ಮುಟ್ಟಿ ನೋಡ್ರಿ."

ಮುಟ್ಟಿದೆ. ಬೆರಳು ಚುರ್ ಎಂದಿತು. ಬಾಲಾನಗರದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಯಂತ್ರಗಳ ನಡುವೆ ಕಳೆದವನು ನಾನು! ಸ್ವಂತ ಮನೆಯ ಬಲ್ಬಿನ ವಿಷಯ ಗೊತ್ತಿರಲಿಲ್ಲ.

ಹಿಮಾಯತ್‌ನಗರದ ಅಂಗಡಿಗೆ ಓಡಿ ಎಲ್‌ಇಡಿ ತಂದುಕೊಟ್ಟೆ. ಊಟಕ್ಕೂ ಕೂರದೆ ಏಳನ್ನೂ ಬದಲಿಸಿದರು. ಮತ್ತೆ ಮೇನ್ ಆರಿಸಿದರು. ಈ ಸಲ ಮಷಿನ್ ನಿಲ್ಲಲಿಲ್ಲ. ನಂಬದ ಭೀಮಣ್ಣ ಅದರ ಮುಂದೆ ಒಂದು ತಾಸು ಕುಳಿತೇ ಇದ್ದರು.

ಸೋಮವಾರ ಅವ್ವ ಮನೆಗೆ ಬಂದಳು. ಗುರುವಾರ ಮಧ್ಯಾಹ್ನ ನಮ್ಮ ಗಲ್ಲಿಯ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಸುಟ್ಟುಹೋಯಿತು. ಕಾರ್ಖಾನೆಯಲ್ಲಿದ್ದ ನನಗೆ ಪಕ್ಕದ ಮನೆಯವರು ಫೋನ್ ಮಾಡಿದರು. ಟ್ರಾಫಿಕ್‌ನಲ್ಲಿ ಕಂಡ ದೇವರಿಗೆಲ್ಲ ಕೈಮುಗಿಯುತ್ತ ಮನೆ ಮುಟ್ಟುವಷ್ಟರಲ್ಲಿ ಒಂದೂವರೆ ತಾಸು ಕಳೆದಿತ್ತು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡೇ ಅವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ತಲೆಯ ಮೇಲೆ ಒಂಬತ್ತು ವ್ಯಾಟಿನ ಬೆಳಕು.

"ಯಾಕೋ, ಇಷ್ಟ್ ಲಗೂ ಬಂದಿ?"

ಅವಳಿಗೆ ಕರೆಂಟ್ ಹೋದದ್ದೇ ಗೊತ್ತಿರಲಿಲ್ಲ! ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಇನ್ನರ್ಧ ತಾಸಿಗೆ ಕರೆಂಟ್ ಬಂತು.

ಭೀಮಣ್ಣನವರಿಗೆ ಫೋನ್ ಮಾಡಿದೆ. ಆ ಕಡೆ ಯಾವುದೋ ಟವರಿನ ಡ್ರಿಲ್ಲಿಂಗ್ ಸದ್ದು. ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವ ಮೊದಲೇ ಅವರು ಕೂಗಿ ಕೇಳಿದರು: "ಅವ್ವಾರು ಆರಾಮ ಅದಾರಲ್ರಿ?"

ಹೀಗೆ ಕೇಳುವವರಿರುವ ಊರು ಪರ ಊರು ಹೇಗಾದೀತು?